ಎಣ್ಣೆ ತುಂಬಿದ್ದರೂ ಕೂಗುವ ಮೋಟಾರು

ಬೋಟಿನ ಮೋಟಾರು ರಿಪೇರಿ ಮಾಡುವವನ ಕೈಗೆ ಗ್ರೀಸು ಅಂಟುವುದು ಎಷ್ಟು ಸಹಜವೋ, ತಲೆಗೆ ಬೋಟಿನ ಯಜಮಾನರು ಅಂಟುವುದೂ ಅಷ್ಟೇ ಸಹಜ. ಸಾನಪಾಡಾದ ನನ್ನ ವರ್ಕ್‌ಶಾಪಿಗೆ ಬರುವವರೆಲ್ಲ ಮೋಟಾರು ಬಿಟ್ಟು ಹೋಗುತ್ತಾರೆ. ನಮ್ಮ ಭಾವ ಮಾತ್ರ ಮೋಟಾರನ್ನು ಬೋಟಿನಲ್ಲೇ ಬಿಟ್ಟು, ತಾವು ಬಂದು ಕೂರುತ್ತಾರೆ.

ಭಾವ ಎಂದರೆ ಅಕ್ಕನ ಗಂಡ, ಉಡುಪಿ ಕಡೆಯವರು. ಡೊಂಬಿವಲಿಯ ಹೋಟೆಲನ್ನು ಮಗಳಿಗೆ ಒಪ್ಪಿಸಿ, ಠಾಣೆಯ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಜನರಿಗೆ ಫ್ಲೆಮಿಂಗೊ ಹಕ್ಕಿ ತೋರಿಸುತ್ತೇನೆಂದು ಬೋಟು ಕೊಂಡರು. ಚಿಕ್ಕಂದಿನಿಂದ ಅವರಿಗಿದ್ದ ಆಸೆ ಅದೊಂದೇ. ಅಕ್ಕನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಆಯುಧಪೂಜೆಯ ದಿನ ಬೋಟು ಕಟ್ಟುವ ಜೆಟ್ಟಿಗೆ ಬಂದು ಮೋಟಾರಿನ ಪೂಜೆಯನ್ನು ತಾನೇ ಮಾಡಿದಳು. ಆರತಿ ತಟ್ಟೆ ಕೆಳಗಿಡುವ ಮೊದಲೇ ಎಚ್ಚರಿಕೆಯನ್ನೂ ಕೊಟ್ಟಳು: "ಇದು ನಡುನೀರಲ್ಲಿ ಕೈಕೊಟ್ಟಿತು ಅಂತ ನನ್ನ ಕಿವಿಗೆ ಬಿದ್ರೆ ಸಾಕು, ಮಾರಿಬಿಡುದೇ!"

ಯಾವ ಟೇಬಲ್?

ಸೀಸನ್ನಿನ ಮೊದಲ ಟ್ರಿಪ್ಪಿನಲ್ಲೇ, ಖಾಡಿಯ ನಡುವೆ ಮೋಟಾರು ಬೀಪ್ ಬೀಪ್ ಎಂದಿತು. ಎಣ್ಣೆ ಕಡಿಮೆಯಾದರೆ ಕೂಗುವ ಅಲಾರಂ ಅದು. ಆದರೆ ಭಾವ ಜೀವಮಾನವಿಡೀ ಅಡಿಗೆಮನೆಯ ಗಂಟೆ ಕೇಳಿದವರು. ಗಂಟೆ ಬಾರಿಸಿತೆಂದರೆ ದೋಸೆ ರೆಡಿ. ಅವರ ಬಾಯಿ ತಾನಾಗಿ ತೆರೆಯಿತು: "ಬಂತು, ಬಂತು! ಯಾವ ಟೇಬಲ್?"

ಆಮೇಲೆ ನನಗೆ ಫೋನು. "ಎಣ್ಣೆ ನೋಡಿ ಭಾವ," ಎಂದೆ.

"ತುಂಬಿ ತುಳುಕ್ತಾ ಉಂಟು ಮಾರಾಯ."

"ಮತ್ತೆ ಯಾಕೆ ಕೂಗುದು?"

"ಅದನ್ನೇ ನಾನು ನಿನ್ನತ್ರ ಕೇಳುದು. ನಿನ್ನ ಅಕ್ಕನಿಗೆ ಹೇಳ್ಬೇಡ."

ಅಷ್ಟರಲ್ಲಿ ಹಿಂದಿನ ಸೀಟಿನ ಪ್ರವಾಸಿಯೊಬ್ಬರು ಕೈ ಎತ್ತಿ ಹೇಳಿದ್ದು ಫೋನಿನಲ್ಲಿ ನನಗೂ ಕೇಳಿಸಿತು: "ಶೇಟ್, ಇಧರ್ ಏಕ್ ಮಸಾಲಾ!"

ನಮ್ಮ ಪಾಲಿಸಿ

ಮರುದಿನ ಜೆಟ್ಟಿಗೆ ಹೋದೆ. ಎಣ್ಣೆಯ ಡಬ್ಬಿಯೊಳಗೆ ಒಂದು ಬೆಂಡು ತೇಲುತ್ತಿರುತ್ತದೆ. ಎಣ್ಣೆ ಇಳಿದರೆ ಬೆಂಡೂ ಇಳಿಯುತ್ತದೆ, ಅಲಾರಂ ಕೂಗುತ್ತದೆ, ಇಂಜಿನ್ ಸುಟ್ಟುಹೋಗದಿರಲೆಂದು ಮೋಟಾರು ತಾನಾಗಿ ನಿಧಾನವಾಗುತ್ತದೆ. ಎಣ್ಣೆ ತುಂಬಿಯೇ ಇತ್ತು. ವೈರುಗಳನ್ನು ಒರೆಸಿ ಕೂರಿಸಿದೆ. ಡಬ್ಬಿಯನ್ನು ಎತ್ತಿ ಎರಡು ಸಲ ಅಲ್ಲಾಡಿಸಿದೆ. ಅಲಾರಂ ಗಪ್‌ಚುಪ್. ಬಿಚ್ಚಿ ನೋಡುತ್ತೇನೆ ಎಂದರೆ ಭಾವ ಬಿಡಲಿಲ್ಲ. ಸುಮ್ಮನಿರುವ ಮಗುವನ್ನು ಯಾಕೆ ಚಿವುಟುತ್ತೀ ಎಂದರು.

ನಾನು ಸಾನಪಾಡಾ ತಲುಪುವುದರೊಳಗೆ ಮಗು ಮತ್ತೆ ಅಳತೊಡಗಿತ್ತು. ಬೋಟು ನಡೆಸುವ ಮರಾಠಿ ಮೀನುಗಾರ ಬುದ್ಧಿವಂತ. "ಟೆನ್ಶನ್ ನಕೊ ಶೇಟ್," ಎಂದು ತನ್ನ ಹೆಗಲ ಮೇಲಿನ ಗಮ್ಚಾವನ್ನು ಅಲಾರಮ್ಮಿಗೆ ಬಿಗಿಯಾಗಿ ಸುತ್ತಿಬಿಟ್ಟ. ಅಲಾರಮ್ಮಿನ ಬಾಯಿ ಮುಚ್ಚಿತು. ಮೋಟಾರು ಮಾತ್ರ ಆಮೆಯಂತೆ ತೆವಳುತ್ತಿತ್ತು.

ಆ ದಿನ ಬೋಟಿನಲ್ಲಿದ್ದದ್ದು ಬೆಂಗಳೂರಿನ ಒಂದು ಐಟಿ ಕುಟುಂಬ. ಯಜಮಾನರಿಗೆ ಕಣ್ಣು ತುಂಬಿ ಬಂದಿತ್ತಂತೆ. "ನೋಡ್ರೀ, ಪಕ್ಷಿಗಳಿಗೆ ಡಿಸ್ಟರ್ಬ್ ಆಗಬಾರದು ಅಂತ ಅವರಾಗೇ ಸ್ಲೋ ಮಾಡಿದ್ರು! ಎಷ್ಟು ಸೆನ್ಸಿಟಿವ್!"

ಭಾವ ಕೈಮುಗಿದು ಹೇಳಿದರು, "ಅದು ನಮ್ಮ ಪಾಲಿಸಿ ಸಾರ್."

ಭಜನಾ ಮಂಡಳಿ

ಆ ಕುಟುಂಬ ಮರಳುವಾಗ ಡೊಂಬಿವಲಿಯ ಹೋಟೆಲಿಗೆ ಹೋಗಿ ಭಾವನನ್ನು ಬಾಯ್ತುಂಬ ಹೊಗಳಿತು. ಕೇಳಿದ ಅಕ್ಕ, "ಅಷ್ಟು ಚಂದ ಉಂಟಾದ್ರೆ ನಾನೂ ನೋಡ್ಬೇಕು," ಎಂದು ತನ್ನ ಭಜನಾ ಮಂಡಳಿಯನ್ನೇ ಕಟ್ಟಿಕೊಂಡು ಹೊರಟಳು. ಭಾವ ನನ್ನ ವರ್ಕ್‌ಶಾಪಿಗೆ ಓಡಿ ಬಂದರು. "ನೀನೂ ಬಾ. ಬೋಟು ಉಳಿಯುದು ನಿನ್ನ ಕೈಲುಂಟು," ಎಂದು ನನ್ನನ್ನೂ ಎಳೆದುಕೊಂಡು ಹೋದರು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಖಾಡಿಯ ನಡುವೆ, ಮಂಡಳಿಯ ಹಿರಿಯರೊಬ್ಬರಿಗೆ ಸೀಟಿನ ಮೇಲೆ ಧೂಳು ಕಂಡಿತು. ಕೈಗೆ ಸಿಕ್ಕ ಗಮ್ಚಾ ಬಿಚ್ಚಿ ಒರೆಸಿದರು. ಬೀಪ್! ಬೀಪ್! ಬೀಪ್!

ಭಾವ ಬಿಳಿಚಿಕೊಂಡರು. ಮಂಡಳಿಯವರು ಮಾತ್ರ ಒಂದು ಕ್ಷಣ ಕಿವಿಗೊಟ್ಟು, "ತಾಳ ಸರಿ ಉಂಟು," ಎಂದು ಚೀಲದಿಂದ ತಾಳ ತೆಗೆದು ಭಜನೆಯನ್ನೇ ಎತ್ತಿಕೊಂಡರು. ಹಾಡದೆ ಕೂತವಳು ಅಕ್ಕ ಒಬ್ಬಳೇ.

"ಇದಾ ನಿಮ್ಮ ಪಾಲಿಸಿ? ದಡ ಮುಟ್ಟಿದ ಕೂಡ್ಲೆ ಮಾರುದು!"

ನಾನು ಮೋಟಾರು ನಿಲ್ಲಿಸಿ, ಭಾವನ ಅಪ್ಪಣೆಗೆ ಕಾಯದೆ ಡಬ್ಬಿ ಬಿಚ್ಚಿ ಬೆಂಡನ್ನು ಹೊರಗೆಳೆದೆ. ಬೆಂಡಿಗೂ ಅದು ಏರಿ ಇಳಿಯುವ ಕಡ್ಡಿಗೂ ನಡುವೆ ಏನೋ ಸಿಕ್ಕಿಕೊಂಡು, ಎಣ್ಣೆ ತುಂಬಿದ್ದರೂ ಬೆಂಡನ್ನು ಕೆಳಗೇ ಹಿಡಿದಿಟ್ಟಿತ್ತು. ಬೆರಳಿನಿಂದ ಕಿತ್ತು ಅಂಗೈಯಲ್ಲಿಟ್ಟು ನೋಡಿದೆ. ಹಳದಿ ಬಣ್ಣದ ಅಕ್ಕಿಕಾಳುಗಳು. ಅಕ್ಷತೆ!

ಭಜನೆ ನಿಂತಿತು. ಎಲ್ಲರೂ ಅಕ್ಕನ ಕಡೆ ತಿರುಗಿದರು.

"ಹೌದು, ಪೂಜೆಯ ದಿನ ಮುಚ್ಚಳ ತೆಗ್ದು ಹಾಕಿದ್ದೆ," ಎಂದಳು ಅಕ್ಕ, ಸ್ವಲ್ಪವೂ ಅಳುಕದೆ. "ಹೋಟೆಲಿನ ಗ್ರೈಂಡರಿಗೂ ವರ್ಷ ವರ್ಷ ಒಳಗೇ ಹಾಕುದು. ಅದಕ್ಕೆ ಏನಾಗಿದೆ?"

"ಅಕ್ಕಾ, ಗ್ರೈಂಡರ್ ಇರುದೇ ಅಕ್ಕಿ ರುಬ್ಬಲಿಕ್ಕೆ!"

ಅಕ್ಕನ ದನಿ ಇಳಿಯಿತು. "ಮೇಲಿಂದ ಹಾಕಿದ್ರೆ ಗಾಳಿಗೆ ಹಾರಿಹೋಗ್ತದೆ. ಇವರು ದಿನಾ ನಡುನೀರಿಗೆ ಹೋಗುವವರು. ಒಳಗೇ ಇರ್ಲಿ ಅಂತ…"

ಬೋಟೇ ಬೇಡ ಎಂದವಳು ಗಂಡನ ಕಾವಲಿಗೆ ಅಕ್ಷತೆ ಬಚ್ಚಿಟ್ಟಿದ್ದಳು. ಭಾವ ಎದ್ದು ಬಂದು, ನನ್ನ ಅಂಗೈಯಿಂದ ಎಣ್ಣೆ ಸುರಿಯುವ ಆ ಕಾಳುಗಳನ್ನು ತೆಗೆದು ಅಕ್ಕನ ತಲೆಯ ಮೇಲಿಟ್ಟರು.

"ದೀರ್ಘ ಸುಮಂಗಲೀ ಭವ."

ಗಂಡನೇ ಹಾಗೆ ಹರಸಿದರೆ ತನಗೇ ಆಯುಷ್ಯ ಕೇಳಿಕೊಂಡಂತೆ. ಮಂಡಳಿಯವರು ಬಿದ್ದು ಬಿದ್ದು ನಕ್ಕರು. ನಾನು ಡಬ್ಬಿ ಕೂರಿಸಿ ಮೋಟಾರು ಎಳೆದೆ. ಅದು ತುಟಿಪಿಟಕ್ಕೆನ್ನದೆ ಓಡಿತು.

ದಡ ಬಂದಾಗ ಅಕ್ಕ ಹಣೆಗೆ ಇಳಿದ ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟಳು: "ಬೋಟು ಮಾರುದು ಬೇಡ. ಬರುವ ಆಯುಧಪೂಜೆಗೆ ಆ ಮುಚ್ಚಳಕ್ಕೊಂದು ಬೀಗ ಹಾಕಿಡಿ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ."