ಕುಷ್ಟನ ಮೊದಲ ಹಾರಾಟ

ವಿಮಾನಕ್ಕೆ ಗರುಡ ಹಕ್ಕಿಯ ಬಣ್ಣ ಹೊಡೆಯುವ ಎಂದು ಚಂದಯ್ಯ ಹೇಳಿದಾಗಲೇ ಕುಷ್ಟ ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ಉಪ್ಪುಂದದ ಆ ಮೀನು ವ್ಯಾಪಾರಿಯ ಎದುರು ಬೇಡವೆಂದು ಗೆದ್ದವರುಂಟೇ? ರೆಕ್ಕೆಗೆ ಕಂದು ಬಣ್ಣ, ಮೂತಿಗೆ ಬಿಳಿ.

ಕುಷ್ಟ ಕುಂದಾಪುರದ ಹೋಟ್ಲೊಂದರ ಕ್ಯಾಶ್ ಕೌಂಟರಿನಲ್ಲಿ ಕೂತು ಕೂತು ಬೆನ್ನು ಹಿಡಿಸಿಕೊಂಡವನು. ಮಳೆಗಾಲವಿಡೀ ಥರ್ಮೋಕೋಲು ಕೊಯ್ದು, ಅಂಟಿಸಿ ಈ ವಿಮಾನ ಮಾಡಿದ್ದ. ಆಸೆ ಒಂದೇ. ತನ್ನ ವಿಮಾನವನ್ನು ಒಂದು ಸಲ ತನ್ನ ಕೈಯಾರೆ ಹಾರಿಸಬೇಕು.

ಭಾನುವಾರ ಹಂಗಾರಕಟ್ಟೆಯ ಹೊಳೆಬದಿಯ ಬಯಲಿನಲ್ಲಿ ಸೇರುವ ಗುಂಪಿನಲ್ಲಿ ಚಂದಯ್ಯನಿದ್ದ, ಮುಂಬಯಿಯಲ್ಲಿ ಹೋಟೆಲಿಟ್ಟು ಮರಳಿದ ನಿತೇಶನಿದ್ದ, ಬ್ರಹ್ಮಾವರದ ಲೀನಾ ಟೀಚರ್ ಇದ್ದರು. ಜಾತಿ ಬೇರೆ, ದೇವರು ಬೇರೆ, ಆದರೆ ಒಬ್ಬರ ವಿಮಾನವೆಂದರೆ ಎಲ್ಲರ ವಿಮಾನ. ತೊಂದರೆಯಿದ್ದದ್ದೇ ಅಲ್ಲಿ. ತಮ್ಮ ವಿಮಾನವನ್ನು ಮೊದಲ ಸಲ ಹಾರಿಸಿದವರು ಎಲ್ಲರಿಗೂ ಚಾ, ಗೋಳಿಬಜೆ ಕೊಡಿಸಬೇಕೆಂಬ ಕಟ್ಟಳೆ ಬೇರೆ.

"ಹೊಸತ್ ಅಲ್ದಾ, ಒಂದ್ ರೌಂಡ್ ಹಾರ್ಸಿ ಕಾಂತೆ," ಎಂದು ನಿತೇಶ ರಿಮೋಟು ಕಸಿದ.

"ಬಾಲ ಒಂಚೂರು ಎಳೀತದೆ, ನಾನು ನೋಡ್ತೇನೆ," ಎಂದರು ಲೀನಾ ಟೀಚರ್.

"ಬಣ್ಣ ಹೊಡ್ದದ್ದ್ ನಾನ್! ನಂಗಿಲ್ಯಾ?" ಎನ್ನುತ್ತಾ ಕೊನೆಗೆ ಚಂದಯ್ಯ ರಿಮೋಟು ಕಿತ್ತುಕೊಂಡ.

ತನ್ನ ಮದುವೆಯಲ್ಲೇ ಮೂರನೇ ಪಂಕ್ತಿಗೆ ಕಾದವನಂತೆ ಕುಷ್ಟ ಬದಿಯಲ್ಲಿ ಕೂತ.

ಅಷ್ಟರಲ್ಲಿ ಚಂದಯ್ಯನ ಫೋನು ಬಡಿದುಕೊಂಡಿತು. ಬಂದರಿನ ದಕ್ಕೆಗೆ ಮೀನಿನ ಬೋಟು ಬಂದಿತ್ತು. ಕಿಸೆಗೆ ಕೈ ಹಾಕಿ ತಡಕಾಡಿ, "ಕುಷ್ಟ, ಹಿಡ್ಕೋ, ಹಿಡ್ಕೋ!" ಎಂದು ರಿಮೋಟು ಅವನ ಕೈಗೆ ತುರುಕಿದ. ಲೀನಾ ಟೀಚರ್ ಎಂತದೋ ಕೂಗುತ್ತಾ ಗದ್ದೆಗೆ ಓಡಿದರು. ಯಾರು ಕೇಳುತ್ತಾರೆ!

ಕುಷ್ಟ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ. ಕಂದು ರೆಕ್ಕೆ, ಬಿಳಿ ಮೂತಿ. ಎಡಕ್ಕೆ ತಿರುಗಿಸಿದ, ಎಡಕ್ಕೇ ತಿರುಗಿತು. ಅಯ್ಯೋ ದೇವರೇ, ಎಷ್ಟು ಚೆಂದ! ಬೆನ್ನುನೋವು ಮರೆತೇ ಹೋಯಿತು. ಕಣ್ಣಲ್ಲಿ ನೀರು ಬಂತು.

"ಎಂತಾ ಕೈ ಮಾರಾಯಾ ನಿಂದ್! ಮೋಟ್ರಿನ್ ಶಬ್ದವೇ ಕೇಂತಿಲ್ಲ!" ನಿತೇಶ ವಿಡಿಯೋ ತೆಗೆಯತೊಡಗಿದ.

ಆಗ ಅದು ಸರಕ್ಕನೆ ಹೊಳೆಯತ್ತ ಇಳಿಯಿತು. "ಏಳ್ಸ್, ಏಳ್ಸ್!" ನಿತೇಶ ಕಿರುಚಿದ. ಕುಷ್ಟ ರಿಮೋಟಿನ ಕಡ್ಡಿ ಮುರಿಯುವಷ್ಟು ಎಳೆದ. ನೀರು ಮುಟ್ಟಿ ಮೇಲೆದ್ದಿತು. ಕಾಲಲ್ಲೊಂದು ಮೀನಿತ್ತು.

ಚಂದಯ್ಯ ಫೋನು ಬಿಟ್ಟು ಕೈ ಮುಗಿದ.

ಲೀನಾ ಟೀಚರ್ ಕೆಸರು ಮೆತ್ತಿದ ಎರಡು ತುಂಡು ಹಿಡಿದು ಬಂದರು. "ಕುಷ್ಟಣ್ಣ, ನಿಮ್ಮ ವಿಮಾನ. ಫೋನು ಬಡ್ಕೊಂಡಾಗ್ಲೇ ಬಿತ್ತು."

ಕುಷ್ಟನ ಬೆನ್ನು ಮತ್ತೆ ಹಿಡಿಯಿತು. "ಹಾಂಗಾರೆ ನಾನ್ ಇವತ್ತೂ ಹಾರ್ಸ್ಲಿಲ್ಲ."

"ಹಾರ್ಸ್ಲಿಲ್ವಾ? ವಿಡಿಯೋ ಇತ್ತ್!" ಎಂದ ನಿತೇಶ. "ಗರುಡನ್ನೇ ಹಾರ್ಸಿದ್ದೆ ನೀನ್. ಗೋಳಿಬಜೆ ನಿಂದೇ!"

ವಾರವಿಡೀ ಕೌಂಟರಿನ ಆಚೆ ಕೂರುವವನು ಸಾಸ್ತಾನದ ಹೋಟ್ಲಿನಲ್ಲಿ ಬಿಲ್ಲು ಹಿಡಿದು ಈಚೆ ನಿಂತ. ಹಿಂದೆ ಮೇಜಿನ ಮೇಲೆ ಮೂವರೂ ಸೇರಿ ಮುರಿದ ರೆಕ್ಕೆಗೆ ಗಮ್ಮು ಹಚ್ಚುತ್ತಿದ್ದರು.

"ಬಪ್ಪು ವಾರ ಆಯ್ತಾರಕ್ಕೆ ರೆಡಿ ಮಾರಾಯಾ!" ಚಂದಯ್ಯ ಕೂಗಿದ. "ಬೀಳ್ಸಿದ್ದ್ ನಾನ್ ಅಲ್ದಾ, ಮೊದ್ಲ್ ನಾನೇ ಹಾರ್ಸಿ ಕಾಂತೆ."