ಉಡಿಗೆ ಬಿದ್ದ ಮಹಾರಾಣಿ

ಕ್ರೋಶಾ ಸೂಜಿ ಹಿಡಿಯಲು ಬರುವ ಯಾವ ಹೆಂಗಸಾದರೂ ಮಹಾಕಾವ್ಯದ ರಾಣಿಯನ್ನು ಹೆಣೆಯಬಲ್ಲಳು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ದಾರದಲ್ಲಿ ಹೆಣೆದು ಹತ್ತಿ ತುಂಬಿದರೆ ಗೊಂಬೆ ಸಿದ್ಧ. ಅದರಲ್ಲೇನಿದೆ!

ಮಗಳ ಸೀಮಂತಕ್ಕೆ ಕರೆಯಲು ಗಡಹಿಂಗ್ಲಜದಿಂದ ಅಕ್ಕ ಫೋನು ಮಾಡಿದ್ದಳು. "ನಮ್ಮ ಸುಜಾತಾಂದು ಕುಬಸ ಐತಿ. ಈ ಸಲ ನೀನೂ ಉಡಿ ತುಂಬಬೇಕ ನೋಡ."

ಮಕ್ಕಳಿಲ್ಲದ ನನ್ನನ್ನು ಬಸುರಿಯ ಉಡಿ ತುಂಬಲು ಇದುವರೆಗೆ ಯಾರೂ ಕರೆದಿರಲಿಲ್ಲ. ಅಂಥ ಹೊತ್ತಿಗೆ ಸರಿಯಾಗಿ ನನಗೆ ಅಡುಗೆಮನೆಯಲ್ಲಿ ಏನಾದರೊಂದು ತುರ್ತು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಹುಟ್ಟಿಸುವವರು ನಮ್ಮ ಬಳಗದ ಹೆಂಗಸರೇ. ಹೀಗಾಗಿ ಈ ಕರೆ ನನಗೆ ಪಟ್ಟಾಭಿಷೇಕ! ಎಲ್ಲರಂತೆ ಬರೀ ತೆಂಗಿನಕಾಯಿ, ಅಕ್ಕಿ ಹಾಕಿದರೆ ಹೇಗೆ? ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹಳಗನ್ನಡ ಕಾವ್ಯದ ರಾಜ, ರಾಣಿಯರನ್ನೇ ಕೊಡುವುದೆಂದು ತೀರ್ಮಾನಿಸಿದೆ. ಯಾವ ಕಾವ್ಯವೆಂದು ಹೇಳುವುದಿಲ್ಲ. ಕವಿಯ ಆತ್ಮ ನೊಂದುಕೊಂಡೀತು.

ಇಚಲಕರಂಜಿಯ ಶಹಾಪುರದಲ್ಲಿ ನಮ್ಮವರ ಪಾವರ್‌ಲೂಮ್ ಶೆಡ್ಡಿದೆ. ಇನ್ನು ದಾರಕ್ಕೆ ಪೇಟೆಗೆ ಹೋಗುವುದುಂಟೇ? ಬಿಳಿ ನೂಲಿನ ಒಂದು ಕೋನು ಎತ್ತಿಕೊಂಡು ಬಂದೆ. ತುಂಬಲು ಮಗ್ಗದ ಕೆಳಗೆ ಬಿದ್ದ ಹತ್ತಿ. ರಾಜ ಬಟಾಟೆಯಂತಾದ. ಕವಿ ಮನದಣಿಯೆ ವರ್ಣಿಸಿದ್ದ ರಾಣಿಗೆ ಸೊಂಟವೇ ಸಿಗಲಿಲ್ಲ. ಆದರೂ ಹೆಮ್ಮೆಯಿಂದ ನಮ್ಮವರ ಮುಂದೆ ಹಿಡಿದೆ.

"ರಾಣಿ ಯಾಕ ಬಿಳಿ ಸೀರಿ ಉಟ್ಟಾಳ? ರಾಜಾ ಸತ್ತಾನೇನ?" ಎಂದರು.

ಕುಬಸಕ್ಕೆ ವಿಧವೆ ಗೊಂಬೆ! ಅದೂ ನನ್ನ ಕೈಯಿಂದ!

ಹೊರಡುವ ದಿನ ಬೆಳಿಗ್ಗೆ ರಾಣಿಯನ್ನು ಕೆಂಪು ಬಣ್ಣದ ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟೆ. ಬಟಾಟೆ ರಾಜನನ್ನು ಮನೆಯಲ್ಲೇ ಬಿಟ್ಟೆ. ಬಸ್ಸಿನಲ್ಲಿ ಮುಟ್ಟಿ ನೋಡಿದಾಗ ಒಣಗಿದ್ದಳು. ಮೇಲೆ ಒಣಗಿದ್ದಳು. ಹೊಟ್ಟೆಯೊಳಗಿನ ಹತ್ತಿಯನ್ನು ಯಾರು ಕೇಳಬೇಕು?

ಹಸಿರು ಸೀರೆಯುಟ್ಟು ಕುಳಿತಿದ್ದ ಸುಜಾತಾಳ ಉಡಿಯಲ್ಲಿ ರಾಣಿಯನ್ನಿಟ್ಟೆ. ಬರೀ ಇಡಲಿಲ್ಲ. ಇಷ್ಟು ವರ್ಷದ ಆಸೆಯನ್ನೆಲ್ಲ ಸೇರಿಸಿ ಒತ್ತಿದೆ! ಹಸಿರು ಸೀರೆಯ ಮೇಲೆ ಕೆಂಪು ನೀರು ಹರಡಿತು.

"ಅಗಂ ಬಾಯೀ! ರಕ್ತ!" ಎಂದು ಸುಜಾತಾಳ ಅತ್ತೆ ಚೀರಿದರು. ಒಬ್ಬರು ರಿಕ್ಷಾ ಕರೆಯಲು ಓಡಿದರು, ಇನ್ನೊಬ್ಬರು ದೇವರ ಮನೆಗೆ.

"ರಕ್ತ ಅಲ್ರೀ, ಬಣ್ಣ ಐತ್ರಿ!" ಎಂದು ನಾನು ಕೈ ಎತ್ತಿ ತೋರಿಸಿದೆ. ಎರಡೂ ಅಂಗೈ ಕೆಂಪು! ಅದನ್ನು ನೋಡಿ ಮತ್ತೊಬ್ಬರು ಚೀರಿದರು.

ಸುಜಾತಾ ಮಾತ್ರ ಗೊಂಬೆಯನ್ನು ಮೂಸಿ ನೋಡಿ, "ಬಣ್ಣನ ಐತಿ ಮೌಶಿ, ಅಳಬ್ಯಾಡ" ಅಂದಳು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಅಕ್ಕ ನನ್ನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. "ಕೈ ತೊಳಕೊ. ಎಲ್ಲಾ ಮುಗಿಯೂತನಾ ಇಲ್ಲೇ ಇರು."

ಮಗು ಸುಖವಾಗಿ ಹುಟ್ಟಿತು. ಹೆಣ್ಣು. ನಾಮಕರಣಕ್ಕೆ ಅಕ್ಕ ಮರೆಯದೆ ಫೋನು ಮಾಡಿದಳು. "ತೊಟ್ಟಲದಾಗ ಹಾಕೂದು ಮುಂಜಾನೆ ಐತಿ. ನೀ ಊಟದ ಹೊತ್ತಿಗೆ ಬಾ. ಬೀಗತಿ ಮನಸ್ಸಿನಾಗ ಇನ್ನೂ ಅದ ಕುಂತೈತಿ, ತಪ್ಪ ತಿಳಕೋಬ್ಯಾಡವಾ."

ಊಟದ ಹೊತ್ತಿಗೆ ಸರಿಯಾಗಿ ಹೋಗಿ ಉಂಡು ಬಂದೆ. ನನ್ನನ್ನು ದೂರವಿಡುವ ಕಾರಣವನ್ನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಪಾಪ ಅವರಿಗೆ ಸಂಕೋಚವಾಗುತ್ತಿತ್ತು. ಎಲ್ಲರೆದುರು ಧಾರಾಳವಾಗಿ ಹೇಳಬಹುದಾದ ಒಂದು ಕಾರಣವನ್ನು ಈಗ ನಾನೇ ಕೈಯಾರೆ ಹೆಣೆದು ಕೊಟ್ಟಿದ್ದೇನೆ!