ಕುರಿ ರಕ್ತಕ್ಕೆ ಕುಲ್ಫಿ ಉಪಚಾರ

ಒಂದು ಪೆಟ್ಟಿಗೆಯನ್ನು ತಂಪಾಗಿಡುವುದು ಯಾವ ಮಹಾವಿದ್ಯೆ? ಬರಿಗೈಯಲ್ಲಿ ಹೈದರಾಬಾದಿಗೆ ಬಂದು ಸುಲ್ತಾನ್ ಬಜಾರ್‌ನಲ್ಲಿ ಸೀರೆ ಅಂಗಡಿ ಕಟ್ಟಿದವನು ನಾನು. ಕೂಕಟ್‌ಪಲ್ಲಿಯ ನಮ್ಮ ಕಟ್ಟಡಕ್ಕೆ ಸಾಫ್ಟ್‌ವೇರ್ ಹುಡುಗರು ದಂಡುಗಟ್ಟಿ ಬಂದಿಳಿಯುತ್ತಿದ್ದ ಕಾಲವದು. ಕೂಲರ್ ಎಲ್ಲಿ ಕೊಳ್ಳಬೇಕು, ಎಷ್ಟಕ್ಕೆ ಕೇಳಬೇಕು ಎಂದು ಅವರಿಗೆಲ್ಲ ಹೇಳಿಕೊಡುತ್ತಿದ್ದವನೂ ನಾನೇ. ಕೇಳದಿದ್ದರೂ ಹೇಳುತ್ತಿದ್ದೆ!

ನನ್ನ ಹೆಂಡತಿ ಶಾಂತಾ ಪಶುರೋಗಗಳ ಪ್ರಯೋಗಾಲಯದಲ್ಲಿ ವಿಜ್ಞಾನಿ. ಕುರಿಗಳನ್ನು ಹಿಂಡುಗಟ್ಟಲೆ ಕೊಲ್ಲುವ ಪಿಪಿಆರ್ ಎಂಬ ವೈರಸ್ ರೋಗಕ್ಕೆ ರಕ್ತಪರೀಕ್ಷೆಯೊಂದನ್ನು ವರ್ಷಗಳಿಂದ ರೂಪಿಸುತ್ತಿದ್ದಳು. ಅದನ್ನು ಒರೆಗೆ ಹಚ್ಚಲು ರೋಗ ಬಂದು ಬದುಕಿದ ಕುರಿಗಳ ರಕ್ತವೂ ಬೇಕು, ರೋಗವೇ ತಾಗದವುಗಳ ರಕ್ತವೂ ಬೇಕು. ಎರಡೂ ಬಗೆಯ ಕುರಿಗಳಿದ್ದ, ಇನ್ನೂ ಲಸಿಕೆ ಬೀಳದ ಹಿಂಡೊಂದು ಊರಾಚೆ ಕೊನೆಗೂ ಸಿಕ್ಕಿತು. ಲಸಿಕೆ ಹಾಕುವವರು ಅಂದೇ ಬರುವವರಿದ್ದರು. ಅವರಿಗಿಂತ ಮೊದಲೇ ಶಾಂತಾ ರಕ್ತ ತೆಗೆದಳು. ಲ್ಯಾಬಿನ ಜೀಪು ಕೆಟ್ಟಿದ್ದರಿಂದ ಪೆಟ್ಟಿಗೆ ನನ್ನ ಕಾರೇರಿತು.

"ಐಸ್ ಪ್ಯಾಕ್ ಇಟ್ಟೀನಿ. ಲ್ಯಾಬ್ ಮುಟ್ಟೋತನಕ ಮುಚ್ಚಳ ತೆಗಿಬ್ಯಾಡ್ರಿ," ಎಂದು ಹೇಳಿ, ಲಸಿಕೆಯವರಿಗೆ ನೆರವಾಗಲು ಆಕೆ ಅಲ್ಲೇ ಉಳಿದಳು.

ಅಬಿಡ್ಸ್ ಹತ್ತಿರ ಟ್ರಾಫಿಕ್ಕು. ತಲೆ ಸಿಡಿಯುವ ಬಿಸಿಲು. ಮುಚ್ಚಳ ತೆಗೆದೆ! ಐಸ್ ಪ್ಯಾಕ್ ಯಾಕೋ ಮೆತ್ತಗಾದಂತೆ ಕಂಡಿತು. ಪಕ್ಕದಲ್ಲೇ ಕುಲ್ಫಿ ಗಾಡಿ. ಚೌಕಾಸಿ ಮಾಡಿ ಐಸ್ ಕೊಂಡೆ. ಪೆಟ್ಟಿಗೆಯೊಳಗೆ ಟ್ಯೂಬುಗಳ ಸುತ್ತ ಸುರಿದು, ಮೇಲೆ ಉಪ್ಪು ಪುಕ್ಕಟೆ ಹಾಕಿಸಿಕೊಂಡೆ.

"ನಮಕ್ ಡಾಲೇ ತೋ ಪತ್ಥರ್ ಹೋ ಜಾತಾ, ಸೇಠ್!" ಎಂದ ಗಾಡಿಯವ, ಉಪ್ಪು ಬಿದ್ದರೆ ಕಲ್ಲಾಗುತ್ತದೆಂದು.

ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ಎಲ್ಲವೂ ಕಲ್ಲಾಯಿತು!

ಸಂಜೆ ಲ್ಯಾಬಿಗೆ ಬಂದ ಶಾಂತಾ ಒಂದು ಟ್ಯೂಬನ್ನು ಬೆಳಕಿಗೆ ಹಿಡಿದಳು.

"ಏನ್ರೀ ಇದು?"

"ಗ್ಯಾರಂಟಿ ತಂಪು."

"ಇದು ರಕ್ತರೀ! ಕಡ್ಡಿ ಚುಚ್ಚಿ ಮಾರೋದೈತೇನು?"

ಹೆಪ್ಪುಗಟ್ಟಿದ ರಕ್ತದ ಮೇಲೆ ತೇಲುವ ತಿಳಿಹಳದಿ ನೀರೇ ಪರೀಕ್ಷೆಗೆ ಬೇಕಾದದ್ದಂತೆ. ರಕ್ತ ಮಂಜುಗಡ್ಡೆಯಾದರೆ ಅದರ ಕಣಗಳು ಒಡೆದು, ಕರಗಿದಾಗ ಎಲ್ಲವೂ ಕೆಂಪು ನೀರು. ಬಳಸುವಂತಿಲ್ಲ.

ನಾನು ಧೈರ್ಯಗೆಡಲಿಲ್ಲ. "ನಾಳೆ ಮತ್ತ ತರೂಣು ಬಿಡು. ಕುರಿ ಎಲ್ಲಿ ಓಡಿ ಹೋಗ್ತಾವು?"

"ಕುರಿ ಅಲ್ಲೇ ಅದಾವ್ರೀ. ಆದ್ರ ಲಸಿಕೆ ಮೈಯಾಗ ಹೋಗೈತಿ. ಇನ್ನ ರೋಗ ಬಂದದ್ದು ಯಾವುದು, ಬರಲಾರದ್ದು ಯಾವುದು? ಎಲ್ಲಾದರ ರಕ್ತನೂ ಒಂದ ಉತ್ತರ ಹೇಳತೈತಿ."

ಆಕೆ ಬೈದಿದ್ದರೆ ಚೌಕಾಸಿಗಾದರೂ ದಾರಿಯಿರುತ್ತಿತ್ತು. ಬೈಯಲಿಲ್ಲ. ಟ್ಯೂಬುಗಳನ್ನು ಒಂದೊಂದಾಗಿ ಕಸದ ಡಬ್ಬಿಗೆ ಇಳಿಸಿ, ಕೈಗವಸು ಕಳಚಿದಳು. ನಾನು ಬಾಗಿಲ ಬಳಿ ನಿಂತು ನೋಡಿದೆ. ಸಲಹೆ ಒಂದೂ ಹೊಳೆಯಲಿಲ್ಲ.

ಅಂಥ ಇನ್ನೊಂದು ಹಿಂಡು ಬೀದರ್ ಕಡೆ ಸಿಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ನನ್ನನ್ನೂ ಕರೆದೊಯ್ದಳು. ಪೆಟ್ಟಿಗೆ ಮುಟ್ಟದಿರುವ ಕರಾರಿನ ಮೇಲೆ, ಕುರಿಯ ಹಿಂಗಾಲು ಹಿಡಿಯುವ ಹುದ್ದೆಗೆ!

"ಸಾವಕಾರ್ರ, ಬಿಗಿ ಹಿಡೀರಿ," ಎಂದ ಕುರುಬ.

"ಹಿಂಗಲ್ಲಪಾ, ಕುರಿನ ಒಂದ್‌ ಚೂರು ಈ ಕಡೆ ತಿರುಗಿಸಿದ್ರ..." ಎಂದು ಶುರುಮಾಡಿದೆ.

ಕುರಿ ಒದ್ದಿತು. ನಾನು ಹಿಕ್ಕೆಯ ಮೇಲೆ ಕುಳಿತಿದ್ದೆ. ಸೂಜಿ ಹಿಡಿದ ಶಾಂತಾ ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕಳು. ನಾನು ಎದ್ದು, ಮುಂದಿನ ಕುರಿಯ ಹಿಂಗಾಲನ್ನು ಕುರುಬ ಹೇಳಿದಂತೆಯೇ ಬಿಗಿ ಹಿಡಿದೆ.